ಊಟದ ಟೇಬಲ್ ಮೇಲೆ ಕಾಗದದ ಅರಮನೆ

ಈ ಸಲ ನಮ್ಮನೆ ದಸರಾ ಗೊಂಬೆ ಕೂತಿದ್ದು ಊಟದ ಟೇಬಲ್ ಮೇಲೆ. ಅಜ್ಜಿ ಕಾಲದ ಮರದ ಮೆಟ್ಟಿಲು ಮೈಸೂರಿನ ಮನೆ ಖಾಲಿ ಮಾಡುವಾಗ ಯಾರ ಮನೆಗೋ ಹೋಯಿತು. ಬೆಂಗಳೂರಿನ ಈ ಎರಡು ರೂಮಿನ ಮನೆಯಲ್ಲಿ ಒಂಬತ್ತು ಮೆಟ್ಟಿಲು ಇಟ್ಟರೆ ನಾವು ಬಾಲ್ಕನಿಯಲ್ಲಿ ಮಲಗಬೇಕು. ಹಾಗಾಗಿ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಟೇಬಲ್ಲೇ ಗತಿ. ಅದರ ಮೇಲೆ ಶೂ ಡಬ್ಬಿ, ಹಳೇ ಡಿಕ್ಷನರಿ ಎಲ್ಲ ಜೋಡಿಸಿ, ಬಿಳಿ ಪಂಚೆ ಹಾಸಿದರೆ ಮೂರು ಮೆಟ್ಟಿಲು. ಮೂರೋ ಐದೋ ಏಳೋ, ಬೆಸ ಆಗಿದ್ದರೆ ಆಯಿತು. ನಮ್ಮ ಊಟ ಅಷ್ಟು ದಿನ ನೆಲದ ಮೇಲೆ.

ತೊಂದರೆ ಇದ್ದದ್ದು ಟೇಬಲ್ಲಿನ ಹಿಂದೆ. ಅಲ್ಲಿ ಸ್ವಿಚ್ ಬೋರ್ಡು, ನೀರಿನ ಫಿಲ್ಟರಿನ ಪೈಪು. ಪಟ್ಟದ ಗೊಂಬೆ ರಾಜ ರಾಣಿ ಜರಿ ಉಟ್ಟು ನಿಂತರೆ ಅವರ ತಲೆಯ ಮೇಲೆ ಸರಿಯಾಗಿ ಫಿಲ್ಟರಿನ ಕೆಂಪು ಲೈಟು. ಹೋದ ವರ್ಷ ಅಂಗಡಿಯಿಂದ ಚಿತ್ರ ಪ್ರಿಂಟಾದ ಪರದೆ ತಂದು ಕಟ್ಟಿದ್ದೆ. ದೂರದಿಂದ ಚೆನ್ನಾಗಿತ್ತು, ಹತ್ತಿರ ಹೋದರೆ ಮದುವೆ ಛತ್ರದ ಫ್ಲೆಕ್ಸ್. ಈ ವರ್ಷ ಕೈಯಾರೆ ಮಾಡೋಣ ಅಂತ ಹೊರಟೆ. ಹಿಂದೆ ದೀಪ ಹಚ್ಚಿದ ಮೈಸೂರು ಅರಮನೆ, ಟೇಬಲ್ಲಿನ ಅಂಚಿಗೆ ಚೆಂಡುಹೂವಿನ ಸರ. ಎರಡೂ ಕಾಗದದ್ದೇ. ನವರಾತ್ರಿ 2025ರ ಸೆಪ್ಟೆಂಬರ್ 22ಕ್ಕೆ ಶುರು. ಕೈಯಲ್ಲಿದ್ದದ್ದು ಎರಡು ವಾರ ಚಿಲ್ಲರೆ.

ಸೆಪ್ಟೆಂಬರ್ 6, ಶನಿವಾರ

ಬೆಳಿಗ್ಗೆ ಕಾಫಿ ಕೊಡುವಾಗಲೇ ಅಮ್ಮ ಹೇಳಿದರು. "ನಾಳೆ ಹುಣ್ಣಿಮೆ. ನಾಡಿದ್ದಿಂದ ಪಿತೃಪಕ್ಷ. ಏನು ತರೋದಿದ್ದರೂ ಇವತ್ತೇ ತಂದುಬಿಡು ಕಣೋ. ಆಮೇಲೆ ಅಮಾವಾಸ್ಯೆ ತನಕ ಹೊಸದು ಏನೂ ಬೇಡ." ಕಾಗದಕ್ಕೂ ಪಕ್ಷ ಉಂಟಾ ಅಂತ ವಾದ ಮಾಡಲು ಹೋಗಲಿಲ್ಲ. ಬಸ್ ಹತ್ತಿ ಅವೆನ್ಯೂ ರಸ್ತೆಗೆ ಹೋದೆ.

ತಂದದ್ದು ಇಷ್ಟು. ದೊಡ್ಡ ಐವರಿ ಹಾಳೆ ಮೂರು, 250 ಜಿಎಸ್ಎಂನದ್ದು. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಜೆರಾಕ್ಸ್ ಹಾಳೆ 75, 80 ಇರುತ್ತದೆ, ಇದು ಅದರ ಮೂರು ಪಟ್ಟು. ಕಪ್ಪು ಚಾರ್ಟ್ ಪೇಪರ್ ಎರಡು, ಬಟರ್ ಪೇಪರ್ ಎರಡು, ಹಳದಿ ಮತ್ತು ಕಿತ್ತಳೆ ಕ್ರೇಪ್ ಪೇಪರ್ ಎರಡೆರಡು ಸುರುಳಿ. ಅಲ್ಲಿಂದ ನಡೆದು ಎಸ್.ಪಿ. ರಸ್ತೆಯಲ್ಲಿ ಎಲ್ಇಡಿ ಪಟ್ಟಿ. ಫೋನ್ ಚಾರ್ಜರಿಗೆ ಸಿಕ್ಕಿಸುವ 5 ವೋಲ್ಟಿನದ್ದು, ಹಳದಿ ಬೆಳಕಿನದ್ದು. ಅಂಗಡಿಯವನು ಬಿಳಿ ಬೆಳಕಿನದ್ದು ಚೆನ್ನಾಗಿ ಹೊಳೆಯುತ್ತೆ ಸಾರ್ ಅಂದ. ಬೇಡ ಅಂದೆ. ಅರಮನೆ ದೀಪ ಟ್ಯೂಬ್‌ಲೈಟ್ ಥರ ಇದ್ದರೆ ಅದು ಅರಮನೆ ಅಲ್ಲ.

ಉಳಿದದ್ದಕ್ಕೆ ಮನೆಯಲ್ಲೇ ಮಾಲಿತ್ತು. ಹಳೇ ಲಗ್ನಪತ್ರಿಕೆಗಳು, ಒಂದು ಚೀಲದ ತುಂಬ. ಇಷ್ಟು ಒಳ್ಳೆಯ ಕಾಗದ ಬಿಟ್ಟಿ ಬೇರೆಲ್ಲೂ ಸಿಗುವುದಿಲ್ಲ. ಗುಲಾಬಿ ಬಣ್ಣದ್ದು ಪಕ್ಕದ ಗುಮ್ಮಟಗಳಿಗೆ, ಚಿನ್ನದ ಬಣ್ಣದ ಲಕೋಟೆ ನಡುವಿನ ಗುಮ್ಮಟಕ್ಕೆ. ಕತ್ತರಿ ಎತ್ತುವ ಮೊದಲೇ ಅಮ್ಮ ಬಂದು ಎಲ್ಲದರಿಂದಲೂ ಗಣಪತಿ ಚಿತ್ರ ಇರುವ ಭಾಗ ಬೇರೆ ಮಾಡಿಟ್ಟರು. ದೇವರ ಮೇಲೆ ಕತ್ತರಿ ಆಡಿಸುವ ಹಾಗಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಮೊದಲ ಕೆಲಸ ಕಾಗದದ ನಾರು ಯಾವ ಕಡೆ ಓಡಿದೆ ಅಂತ ನೋಡುವುದು. ಮಿಷನ್ನಿನಲ್ಲಿ ಮಾಡಿದ ಕಾಗದದಲ್ಲಿ ನಾರೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತದೆ. ಹಾಳೆಯನ್ನು ಹರಡಿ, ಒಂದು ಅಂಚು ಎತ್ತಿ ಮಡಚದೆ ಸುಮ್ನೆ ಬಗ್ಗಿಸಿ ಅಂಗೈಯಲ್ಲಿ ಒತ್ತಿ ನೋಡಬೇಕು. ಆಮೇಲೆ ಇನ್ನೊಂದು ಕಡೆಯಿಂದ. ಒಂದು ಕಡೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆ ಸ್ಪ್ರಿಂಗಿನ ಹಾಗೆ ಎದುರು ತಳ್ಳುತ್ತದೆ. ಸಲೀಸಾಗಿ ಬಗ್ಗಿದಾಗ ಬರುವ ಮಡಿಕೆ ಇದೆಯಲ್ಲ, ನಾರು ಓಡುವುದು ಅದರ ಗುಂಟ. ಅರಮನೆ ನೆಟ್ಟಗೆ ನಿಲ್ಲಬೇಕಾದರೆ ನಾರು ಕೆಳಗಿಂದ ಮೇಲಕ್ಕೆ ಇರಬೇಕು. ಅಡ್ಡ ಇದ್ದರೆ ಸಂಜೆಯೊಳಗೆ ಗೋಪುರ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತದೆ.

ಅರಮನೆಯ ಒಂದು ಉಪಕಾರ ಏನೆಂದರೆ ಎಡಕ್ಕೂ ಬಲಕ್ಕೂ ಒಂದೇ ಅಚ್ಚು. ಹಾಳೆಯನ್ನು ನಡುವೆ ಮಡಚಿ ಅರ್ಧ ಕತ್ತರಿಸಿದರೆ ಪೂರ್ತಿ ಬರುತ್ತದೆ. ನಡುಗೋಪುರ ನಿಜದಲ್ಲಿ 145 ಅಡಿ. ನನ್ನದು 36 ಸೆಂಟಿಮೀಟರ್. ಹತ್ತಿರ ಹತ್ತಿರ 120ಕ್ಕೆ ಒಂದು. ಅಗಲ 60 ಸೆಂಟಿಮೀಟರ್ ಇಟ್ಟುಕೊಂಡೆ, ಟೇಬಲ್ಲಿಗೆ ಸರಿಹೋಯಿತು.

ಹೊರಗಿನ ಗೆರೆಗೆ ಕತ್ತರಿ ಸಾಕು. ಮುಂಭಾಗದ ಏಳು ದೊಡ್ಡ ಕಮಾನುಗಳಿಗೆ ಕಟರ್ ಬೇಕು. ಇಲ್ಲಿ ನಾನು ಕಲಿತದ್ದು ಎರಡು. ಬ್ಲೇಡಿನ ತುದಿ ಐದಾರು ಕಮಾನಿಗೇ ಮೊಂಡಾಗುತ್ತದೆ, ಜಿಪುಣತನ ಮಾಡದೆ ಮುರಿದು ಬಿಸಾಕಬೇಕು. ಮತ್ತೆ ಕಮಾನು ತಿರುಗುವಾಗ ಬ್ಲೇಡು ತಿರುಗಿಸಬಾರದು, ಕೈ ಅಲ್ಲೇ ನಿಲ್ಲಿಸಿ ಕಾಗದ ತಿರುಗಿಸಬೇಕು. ಹೋಳಿಗೆ ಲಟ್ಟಿಸುವಾಗ ಲಟ್ಟಣಿಗೆ ಬಿಟ್ಟು ಹೋಳಿಗೆಯನ್ನೇ ತಿರುಗಿಸುತ್ತಾರಲ್ಲ, ಹಾಗೆ.

ಆವತ್ತು ರಾತ್ರಿ ಚಂದ್ರಗ್ರಹಣ ಬೇರೆ. ಹತ್ತು ಗಂಟೆಗೆ ಹಿಡಿಯುತ್ತೆ ಅಂತ ಅಮ್ಮ ಎಂಟೂವರೆಗೇ ಕತ್ತರಿ, ಕಟರ್ ಎರಡನ್ನೂ ತೆಗೆದು ಡ್ರಾಯರಿಗೆ ಹಾಕಿ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಲು ಹೋದರು. ಕೊನೆಯ ಎರಡು ಕಮಾನು ಮಾರನೆಯ ದಿನಕ್ಕೆ ಉಳಿದವು.

ಸೆಪ್ಟೆಂಬರ್ 13, ಶನಿವಾರ

ಕಮಾನುಗಳ ಹಿಂದೆ ಬಟರ್ ಪೇಪರ್ ಅಂಟಿಸಿ, ಅದರ ಹಿಂದೆ ಎಲ್ಇಡಿ ಇಟ್ಟು, ರೂಮಿನ ಲೈಟು ಆರಿಸಿ ಎಲ್ಲರನ್ನೂ ಕರೆದೆ. ಮಗಳು ಚಪ್ಪಾಳೆ ತಟ್ಟಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನೋ ಇದು, ರಾತ್ರಿ ಪಾಳಿ ಆಫೀಸ್ ಥರ ಇದೆ."

ಬೇಜಾರಾಯಿತು, ಆದರೆ ಮಾತು ನಿಜ. ಅರಮನೆಯಲ್ಲಿ ದೀಪ ಹಚ್ಚಿದಾಗ ಕಾಣುವುದು ಕಿಟಕಿ ಅಲ್ಲ, ಗೆರೆ. ಸೂರು, ಕಮಾನು, ಕಂಬ, ಗುಮ್ಮಟ ಎಲ್ಲದರ ಅಂಚಿಗೂ ಬಲ್ಬು ಪೋಣಿಸಿರುತ್ತಾರೆ. ಕಲ್ಲಿನ ಕಟ್ಟಡ ಕತ್ತಲಲ್ಲಿ ಮಾಯವಾಗಿ ಬರೀ ಚುಕ್ಕಿಯಲ್ಲಿ ಬರೆದ ಚಿತ್ರ ನಿಲ್ಲುತ್ತದೆ. ಚುಕ್ಕಿ ರಂಗೋಲಿ ಆಕಾಶದಲ್ಲಿ ಇಟ್ಟ ಹಾಗೆ. ಅಮ್ಮ ಹುಡುಗಿಯಾಗಿದ್ದಾಗ ಅಗ್ರಹಾರದಿಂದ ನಡೆದು ಹೋಗಿ ಎಷ್ಟು ಸಲ ನೋಡಿದ್ದಾರೋ. ಸಾವಿರಾರು ಬಲ್ಬು ಒಂದೇ ಕ್ಷಣಕ್ಕೆ ಹತ್ತುವಾಗ ಜನರ ಬಾಯಿಂದ ಬರುವ "ಹೋ" ಅನ್ನುವ ಸದ್ದನ್ನು ಇವತ್ತೂ ಮಾಡಿ ತೋರಿಸುತ್ತಾರೆ. ಅವರನ್ನು ಏಮಾರಿಸಲು ಆಗುವುದಿಲ್ಲ.

ಅಂದರೆ ಕತ್ತರಿಸುವುದಲ್ಲ, ಚುಚ್ಚುವುದು. ಕಮಾನು ಕತ್ತರಿಸಿದ ಮೊದಲ ಹಾಳೆಯನ್ನು ಎರಡನೆಯದರ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಅಷ್ಟರ ಮಟ್ಟಿಗೆ ಅದು ಅಚ್ಚಾಗಿ ಕೆಲಸಕ್ಕೆ ಬಂತು.

ಇನ್ನೊಂದು ಎಡವಟ್ಟು ಅದೇ ದಿನ ಗೊತ್ತಾಯಿತು. 250 ಜಿಎಸ್ಎಂ ಬಿಳಿ ಹಾಳೆಯೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಅರಮನೆ ಇಡೀ ಮಂಕಾಗಿ ಹೊಳೆಯುತ್ತದೆ, ಚುಕ್ಕಿ ಎದ್ದು ಕಾಣುವುದಿಲ್ಲ. ಹಿಂದೆ ಕಪ್ಪು ಕಾಗದ ಅಂಟಿಸಲೇಬೇಕು. ಅಮ್ಮ ಎರಡು ಚಮಚ ಮೈದಾ, ಒಂದು ಲೋಟ ನೀರು ಹಾಕಿ ಗಂಟಿಲ್ಲದ ಹಾಗೆ ಕಾಯಿಸಿ ಅಂಟು ಮಾಡಿಕೊಟ್ಟರು. ಬ್ರಷ್ಷಿನಲ್ಲಿ ಧಾರಾಳವಾಗಿ ಬಳಿದು, ಕಪ್ಪು ಹಾಳೆ ಮೆತ್ತಿ, ನೀವಿ ನೀವಿ ಗುಳ್ಳೆ ತೆಗೆದು ಮಲಗಿದೆ. ರಾತ್ರಿಯೆಲ್ಲ ಮಳೆ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ನೋಡಿದರೆ ಅರಮನೆ ಕರಿದ ಹಪ್ಪಳ ಆಗಿತ್ತು.

ಕಾರಣ ಯೋಚಿಸಿದರೆ ಸರಳ. ನೀರು ಕುಡಿದ ಕಾಗದ ಹಿಗ್ಗುತ್ತದೆ, ಅದರಲ್ಲೂ ನಾರಿಗೆ ಅಡ್ಡಲಾಗಿ ಜಾಸ್ತಿ. ಒಣಗುವಾಗ ಕುಗ್ಗುತ್ತದೆ. ತೆಳು ಕಪ್ಪು ಹಾಳೆ ಜಾಸ್ತಿ ಹಿಗ್ಗಿ ಅಂಟಿಕೊಂಡಿತು. ಆಮೇಲೆ ಕುಗ್ಗುತ್ತಾ ದಪ್ಪ ಹಾಳೆಯನ್ನು ತನ್ನ ಕಡೆಗೆ ಎಳೆಯಿತು. ಎರಡರ ನಾರೂ ಒಂದೇ ದಿಕ್ಕಿಗಿದ್ದರೆ ಇಷ್ಟು ಆಗುತ್ತಿರಲಿಲ್ಲವೋ ಏನೋ. ಆತುರದಲ್ಲಿ ಕಪ್ಪು ಹಾಳೆಯ ನಾರು ನೋಡಿಯೇ ಇರಲಿಲ್ಲ, ಅಡ್ಡ ಮೆತ್ತಿದ್ದೆ. ಇಸ್ತ್ರಿ ಮಾಡಿದೆ. ಮೇಲೆ ಇಡ್ಲಿ ಗ್ರೈಂಡರ್ ಹೇರಿದೆ. ಸಂಜೆಗೆ ತೆಗೆದರೆ ಅಲೆ ಅಲೆ.

ಐವರಿ ಹಾಳೆ ಉಳಿದದ್ದು ಒಂದೇ ಒಂದು. ಅಂಗಡಿಗೆ ಹೋಗೋಣವೆಂದರೆ ಪಕ್ಷ. "ಒಂದು ಹಾಳೆ ಅಮ್ಮ, ಹನ್ನೆರಡು ರೂಪಾಯಿ" ಅಂದೆ. "ದುಡ್ಡಿನ ಪ್ರಶ್ನೆ ಅಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ಮೂರನೆಯದಕ್ಕೆ ನೀರಿನ ಅಂಟು ಮುಟ್ಟಿಸಲೇ ಇಲ್ಲ. ಎರಡು ಬದಿ ಅಂಟುವ ಟೇಪನ್ನು ಸುತ್ತಲ ಅಂಚಿಗೆ ಮಾತ್ರ ಹಾಕಿ, ನಡುವೆ ಅಲ್ಲಲ್ಲಿ ತುಂಡು ಹಾಕಿ ಕಪ್ಪು ಹಾಳೆ ಹಿಡಿಸಿದೆ. ಮುಂದೆ ಮಳೆ ಬಂದಾಗ ಎರಡೂ ಹಾಳೆ ತಮ್ಮ ಪಾಡಿಗೆ ಹಿಗ್ಗಿ ಕುಗ್ಗಿಕೊಳ್ಳಲಿ. ಗುಮ್ಮಟ, ಕಂಬ, ಛತ್ರಿಗಳಿಗೆ ಲಗ್ನಪತ್ರಿಕೆಯ ತುಂಡುಗಳನ್ನೂ ಟೇಪಿನಲ್ಲೇ ಕೂರಿಸಿದೆ. ಇವತ್ತಿಗೂ ಸಪಾಟಾಗಿದೆ.

ಸೆಪ್ಟೆಂಬರ್ 15ರಿಂದ 18, ಸಂಜೆಗಳು

ಚುಚ್ಚುವ ಕೆಲಸ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಅರಮನೆ ಕಾಣುವುದೂ ಕೆಡುವುದೂ ಇಲ್ಲೇ.

ಚುಕ್ಕಿಗಳ ನಡುವೆ ಅಂತರ ಒಂದೇ ಸಮ ಇರಬೇಕು. ನಾಲ್ಕು ಮಿಲಿಮೀಟರ್ ಇದ್ದ ಕಡೆ ಒಂದು ಚುಕ್ಕಿ ಆರಕ್ಕೆ ಹೋದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಬಲ್ಬು ಸುಟ್ಟುಹೋದ ಹಾಗೆ. ನೇರ ಗೆರೆಗೆ ಸ್ಕೇಲ್ ಇಡಬಹುದು. ಗುಮ್ಮಟಕ್ಕೆ ಏನು ಮಾಡುವುದು? ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಉತ್ತರ ಸಿಕ್ಕಿತು. ರವಿಕೆ ಬಟ್ಟೆಗೆ ಗುರುತು ಹಾಕಲು ಹಿಡಿಯುಳ್ಳ ಒಂದು ಹಲ್ಲಿನ ಚಕ್ರ ಇಟ್ಟುಕೊಂಡಿರುತ್ತಾರಲ್ಲ, ಅದು. ಪೆನ್ಸಿಲ್ ಗೆರೆಯ ಮೇಲೆ ಅದನ್ನು ಉರುಳಿಸಿದರೆ ಎರಡೆರಡು ಮಿಲಿಮೀಟರಿಗೆ ಸಣ್ಣ ಗುರುತು ಬೀಳುತ್ತದೆ. ಗೆರೆ ಹೇಗೆ ತಿರುಗಿದರೂ ಅಂತರ ತಪ್ಪುವುದಿಲ್ಲ. ಒಂದು ಬಿಟ್ಟು ಒಂದು ಗುರುತಿಗೆ ಸೂಜಿ ಹಾಕಿದೆ.

ಸೂಜಿ ಗೋಣಿ ಹೊಲಿಯುವ ದಬ್ಬಣದಷ್ಟು ದಪ್ಪ ಬೇಡ, ರವಿಕೆ ಹೊಲಿಯುವಷ್ಟು ಸಣ್ಣದೂ ಬೇಡ. ಹೂ ಪೋಣಿಸುವ ಸೂಜಿ ಸರಿ. ಅದರ ಹಿಂಬದಿಯನ್ನು ಪೆನ್ಸಿಲ್ಲಿನ ತುಂಡಿಗೆ ಚುಚ್ಚಿ ಹಿಡಿ ಮಾಡಿಕೊಂಡೆ, ಇಲ್ಲದಿದ್ದರೆ ಐವತ್ತು ಚುಕ್ಕಿಗೇ ಹೆಬ್ಬೆರಳು ಬೊಬ್ಬೆ. ಕಾಗದದ ಕೆಳಗೆ ಹರಿದ ಯೋಗ ಮ್ಯಾಟಿನ ತುಂಡು. ಮೊದಲು ಥರ್ಮಾಕೋಲ್ ಇಟ್ಟಿದ್ದೆ. ಅದರ ಪುಡಿ ತೂತಿನಲ್ಲಿ ಸಿಕ್ಕಿಕೊಂಡು ತಲೆನೋವಾಯಿತು.

ಮುಂದಿನಿಂದ ಚುಚ್ಚಿದಾಗ ನಾರು ಹರಿಯುವುದಿಲ್ಲ, ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಹಾಳೆ ತಿರುಗಿಸಿ ನೋಡಿದರೆ ಪ್ರತಿ ತೂತಿನ ಸುತ್ತ ಪುಟ್ಟ ಜ್ವಾಲಾಮುಖಿ. ಅರ್ಧ ಗಂಟೆ ಬಿಟ್ಟರೆ ಆ ನಾರು ಮತ್ತೆ ಸರಿದು ತೂತು ಅರ್ಧ ಮುಚ್ಚುತ್ತದೆ. ಅದಕ್ಕೆ ಒಂದೊಂದು ಸಾಲು ಮುಗಿದ ಕೂಡಲೇ ಹಿಂದೆ ನುಣುಪು ಉಪ್ಪುಕಾಗದದಿಂದ ಎರಡು ಸಲ ಹಗುರವಾಗಿ ಉಜ್ಜಿ, ಮತ್ತೊಮ್ಮೆ ಸೂಜಿ ತೂರಿಸಿದೆ. ಆಗ ತೂತು ಸ್ವಚ್ಛ.

ಪಕ್ಕದ ಗೋಡೆಗಳನ್ನು ಮಗಳು ಚುಚ್ಚಿದಳು. ಎಣಿಸುತ್ತಾ ಚುಚ್ಚಿದಳು. ಒಟ್ಟು 1,240. "ಅಪ್ಪಾ, ನಿಜವಾದ್ರಲ್ಲಿ ಎಷ್ಟಿದೆ?" ಸುಮಾರು ಒಂದು ಲಕ್ಷ ಅಂತಾರೆ ಅಂದೆ. ರಫ್ ಪುಸ್ತಕದಲ್ಲಿ ಭಾಗಿಸಿ, ನಮ್ಮದು ಎಂಬತ್ತರಲ್ಲಿ ಒಂದು ಪಾಲು ಅಂತ ಘೋಷಿಸಿ ಮಲಗಲು ಹೋದಳು.

ಈ ನಡುವೆ 17ಕ್ಕೆ ಅಮ್ಮ ಬಿಸ್ಕತ್ ಡಬ್ಬಿಯ ಮುಚ್ಚಳಕ್ಕೆ ಮಣ್ಣು ಹಾಕಿ ರಾಗಿ ಚೆಲ್ಲಿದರು, ಗೊಂಬೆಗಳ ಮುಂದೆ ಪಾರ್ಕಿಗೆ. ಆ ಮುಚ್ಚಳವನ್ನು ನೆನಪಿಟ್ಟುಕೊಳ್ಳಿ.

ಸೆಪ್ಟೆಂಬರ್ 20, ಶನಿವಾರ

ದೀಪದ ಪೆಟ್ಟಿಗೆ. ಹಳೇ ರಟ್ಟಿನ ಡಬ್ಬಿಯನ್ನು ನಾಲ್ಕು ಇಂಚು ಆಳಕ್ಕೆ ಕೊಯ್ದು, ಒಳಗೆಲ್ಲ ಬಿಳಿ ಕಾಗದ ಅಂಟಿಸಿ, ಅಂಚಿನ ಸುತ್ತ ಎಲ್ಇಡಿ ಪಟ್ಟಿ ಓಡಿಸಿದೆ. ಹಚ್ಚಿ ನೋಡಿದರೆ ವಿಚಿತ್ರ. ನಾನು ತಲೆ ಆಡಿಸಿದ ಹಾಗೆ ಚುಕ್ಕಿಗಳು ಹತ್ತಿ ಆರುತ್ತಿವೆ. ಒಂದು ಕಡೆ ನಿಂತರೆ ಗೋಪುರ ಜಗಜಗ, ಎಡಗೋಡೆ ಸತ್ತುಹೋಗಿದೆ.

ತೂತಿನ ಮೂಲಕ ಕಾಣುವುದು ಅದರ ನೇರ ಹಿಂದೆ ಇರುವುದು ಮಾತ್ರ ತಾನೇ? ಹಿಂದೆ ಎಲ್ಇಡಿ ಇದ್ದರೆ ಬೆಳಕು, ರಟ್ಟಿನ ಮೂಲೆ ಇದ್ದರೆ ಕತ್ತಲು. ಕಪ್ಪು ಹಾಳೆಯ ಬೆನ್ನಿಗೆ ತಾಗಿಸಿ ಬಟರ್ ಪೇಪರ್ ಹಾಕಿದ ಮೇಲೆ ಸರಿಹೋಯಿತು. ಈಗ ಪ್ರತಿ ತೂತಿನ ಬಾಯಲ್ಲೂ ಬೆಳಗುವ ಕಾಗದ ಇದೆ. ಯಾವ ಮೂಲೆಯಿಂದ ನೋಡಿದರೂ ಚುಕ್ಕಿ ಚುಕ್ಕಿಯೇ. ಹಾಳೆಯಿಂದ ದೂರ, ಪೆಟ್ಟಿಗೆಯೊಳಗೆ ಹಾಕಿದ್ದರೆ ಈ ಲಾಭ ಸಿಗುತ್ತಿರಲಿಲ್ಲ, ತಾಗಿಸಿಯೇ ಹಾಕಬೇಕು.

ರೂಮಿನ ಲೈಟು ಆರಿಸಿದೆ. ಅಮ್ಮ ಈ ಸಲ ಕನ್ನಡಕ ಮುಟ್ಟಲಿಲ್ಲ. "ಹೋ" ಅಂದರು.

ಹೂವಿನ ಸರ

ಇದನ್ನು ಹೆಂಡತಿ, ಮಗಳು ಸೇರಿ ಎರಡು ಮಧ್ಯಾಹ್ನದಲ್ಲಿ ಮುಗಿಸಿದರು. ಕ್ರೇಪ್ ಕಾಗದವನ್ನು ಐದು ಸೆಂಟಿಮೀಟರ್ ಅಗಲ, ಐವತ್ತು ಸೆಂಟಿಮೀಟರ್ ಉದ್ದದ ಪಟ್ಟಿ ಮಾಡಿ, ಒಂದು ಅಂಚಿಗೆ ಒತ್ತೊತ್ತಾಗಿ ಕತ್ತರಿಸಿ, ಸುತ್ತಿ, ಬುಡಕ್ಕೆ ದಾರ ಬಿಗಿದು, ಎಸಳು ಬಿಡಿಸುವುದು. ಒಳಗೆ ಹಳದಿ, ಹೊರಗೆ ಕಿತ್ತಳೆ. ತಪ್ಪಾಗುವುದು ಒಂದೇ ಕಡೆ. ಕ್ರೇಪಿನ ಸುಕ್ಕು ಎಸಳಿನ ಉದ್ದಕ್ಕೆ ಇರಬೇಕು. ಅಡ್ಡ ಇದ್ದರೆ ಎಸಳು ಎಳೆದುಕೊಂಡು ಜೋತುಬೀಳುತ್ತದೆ. ಮೊದಲ ಐದು ಹೂ ಹೀಗೆ ಬಾಡಿದವು. ನಲವತ್ತೊಂದು ಹೂವಿಗೆ ಟೇಬಲ್ಲಿನ ಮುಂದಂಚು ಪೂರ್ತಿ ತುಂಬಿತು. ಬಾಗಿಲಿಗೂ ಕಾಗದದ ಮಾವಿನೆಲೆ ಮಾಡೋಣವಾ ಅಂತ ಮಗಳು ಕೇಳಿದಳು. ಅದಕ್ಕೆ ನಿಜವಾದ್ದೇ ಆಗಬೇಕು ಅಂತ ಅಮ್ಮ ಒಪ್ಪಲಿಲ್ಲ.

ಸೆಪ್ಟೆಂಬರ್ 22, ಸೋಮವಾರ, ಪಾಡ್ಯ

ಕಳಶ ಇಟ್ಟು ಪಟ್ಟದ ಗೊಂಬೆ ಕೂರಿಸಿದ್ದಾಯಿತು. ಅಮ್ಮ ತುಪ್ಪದ ದೀಪ ತಂದು ಅರಮನೆಯ ಬಲಕ್ಕೆ ಇಡಲು ಹೋದರು. ನಾನು ಓಡಿದೆ. "ಅಮ್ಮಾ, 1897ರಲ್ಲಿ ಮರದ ಅರಮನೆಯೇ ಸುಟ್ಟುಹೋಯ್ತು. 1912ರ ತನಕ ಬೇರೆ ಕಟ್ಟಬೇಕಾಯ್ತು. ಇದು ಕಾಗದದ್ದು!" ಅಮ್ಮ ದೀಪ ಹಿಡಿದೇ ನಿಂತರು. "ಅದು ಸುಟ್ಟದ್ದು ರಾಜಕುಮಾರಿ ಮದುವೇಲಿ. ನೀನು ಈ ಅರಮನೆಗೆ ಲಗ್ನಪತ್ರಿಕೆ ಬೇರೆ ಅಂಟಿಸಿದ್ದೀಯ." ದೀಪ ನೆಲಕ್ಕೆ ಇಳಿಯಿತು, ಟೇಬಲ್ಲಿನಿಂದ ಎರಡಡಿ ಆಚೆ, ತಟ್ಟೆಯೊಳಗೆ.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. "ಆಂಟೀ, ಬೊಂಬೆ ಕೂರ್ಸಿದೀರಾ?" ಏಳು ಮಕ್ಕಳು. ಅರಮನೆ ಹಚ್ಚಿದ್ದು, ಆರಿಸಿದ್ದು, ಮತ್ತೆ ಹಚ್ಚಿದ್ದು. ಚರ್ಪಿಗೆ, ಅಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ, ಕೈಚಾಚುವಾಗಲೂ ಒಬ್ಬ ಹುಡುಗ ಹಿಂದೆ ಬಗ್ಗಿ ವೈರು ಎಲ್ಲಿ ಹೋಗಿದೆ ಅಂತ ಹುಡುಕುತ್ತಿದ್ದ.

ಸೆಪ್ಟೆಂಬರ್ 25, ಗುರುವಾರ

ಆ ಮುಚ್ಚಳ. ರಾಗಿ ಪೈರು ಬೆರಳುದ್ದ ಬೆಳೆದಿತ್ತು. ದಿನಾ ನೀರು ಚಿಮುಕಿಸುತ್ತಿದ್ದೆವು. ಮುಚ್ಚಳದ ಬೆಸುಗೆ ಬಿಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಪಂಚೆ ಒದ್ದೆ. ಹೂವಿನ ಸರದ ತುದಿ ಒದ್ದೆ ಪಂಚೆಗೆ ತಾಗಿ ಕಿತ್ತಳೆ ಬಣ್ಣ ಅಂಗೈ ಅಗಲ ಹರಡಿತ್ತು. ಕ್ರೇಪ್ ಕಾಗದದ ಬಣ್ಣ ನೀರು ಕಂಡರೆ ನಿಲ್ಲುವುದಿಲ್ಲ. ಅರಮನೆಯ ಬುಡ ಎರಡು ಸೆಂಟಿಮೀಟರ್ ನೀರು ಹೀರಿ ಮೆತ್ತಗಾಗಿತ್ತು.

ಗೊಂಬೆ ಕದಲಿಸುವ ಹಾಗಿಲ್ಲ. ಕೂತಲ್ಲೇ ರಿಪೇರಿ. ತಲೆಗೂದಲು ಒಣಗಿಸುವ ಮಿಷನ್ನನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದೆ. ಉಬ್ಬಿದ ಅಂಚನ್ನು ಸ್ಕೇಲ್ ಇಟ್ಟು ಒಂದು ಸೆಂಟಿಮೀಟರ್ ಕೊಯ್ದೆ. ಕೆಳಗೆ ಐಸ್‌ಕ್ರೀಮ್ ಕಡ್ಡಿ ಜೋಡಿಸಿ ಕಟ್ಟೆ ಮಾಡಿ, ಮುಂದೆ ಬೂದು ಬಣ್ಣದ ಲಗ್ನಪತ್ರಿಕೆ ಹಚ್ಚಿದೆ. ಈಗ ಕಾಗದ ಬಟ್ಟೆಗೆ ತಾಗುವುದೇ ಇಲ್ಲ, ನೋಡಲೂ ಅರಮನೆಗೊಂದು ಜಗಲಿ ಬಂದ ಹಾಗಾಯಿತು. ಮೊದಲೇ ಮಾಡಬೇಕಿತ್ತು. ರಾಗಿ ಪ್ಲಾಸ್ಟಿಕ್ ಟ್ರೇಗೆ ಹೋಯಿತು. ಕಲೆಯ ಮೇಲೆ ಚನ್ನಪಟ್ಟಣದ ಆನೆ ಎರಡು ನಿಲ್ಲಿಸಿದೆವು. ಹೆಂಡತಿ ಹೇಳಿದಳು, "ಅದು ನಿಮ್ಮ ಪಂಚೆ ತಾನೇ, ಬಿಡಿ."

ಅಕ್ಟೋಬರ್ 5, ಭಾನುವಾರ

ವಿಜಯದಶಮಿ ರಾತ್ರಿ ಒಂದು ಗೊಂಬೆ ಮಲಗಿಸಿದ್ದೆವು. ಇವತ್ತು ಎಲ್ಲ ಕಟ್ಟಿಡುವ ಕೆಲಸ. ಅರಮನೆಯನ್ನು ಸುರುಳಿ ಸುತ್ತುವ ಹಾಗಿಲ್ಲ, ಎರಡು ರಟ್ಟಿನ ನಡುವೆ ಇಟ್ಟು ಮಂಚದ ಹಾಸಿಗೆ ಕೆಳಗೆ ಸೇರಿಸಿದೆ. ಮೈದಾ ಅಂಟು ಇಲ್ಲದ್ದರಿಂದ ಬೆಳ್ಳಿಹುಳ, ಜಿರಲೆ ಕಾಟ ಕಡಿಮೆ ಇರಬಹುದು, ಆದರೂ ನಾಲ್ಕು ಬೇವಿನೆಲೆ ಹಾಕಿದ್ದೇನೆ. ಬಣ್ಣ ಬಿಟ್ಟ ಆರು ಹೂ ಬಿಸಾಕಿದೆ, ಮೂವತ್ತೈದು ಡಬ್ಬಿಗೆ ಹೋದವು. ಹಪ್ಪಳವಾದ ಹಾಳೆ ಕಸಕ್ಕೆ.

ಕಮಾನು ಕತ್ತರಿಸಿದ ಮೊದಲನೆಯದನ್ನೂ ಎಸೆಯಲು ಹೊರಟಿದ್ದೆ. ಮಗಳು ಬಿಡಲಿಲ್ಲ. ಈಗ ಅದು ಅವಳ ಓದುವ ಟೇಬಲ್ ಮೇಲೆ, ಹಿಂದೆ ಉಳಿದ ಎಲ್ಇಡಿ ತುಂಡು ಹಾಕಿಕೊಂಡು ನಿಂತಿದೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ ಬೋರ್ಡು ಬರೆದಿದ್ದಾಳೆ: "ಅಪ್ಪನ ಆಫೀಸು".